ಏಳನೇ ಕಾಟಿನ ಕೆಂಪು ನೂಲು

ಅಕ್ಕಾರಿಗೆ,

ಇಚಲಕರಂಜಿ ದವಾಖಾನೆಯ ನಿಮ್ಮ ವಾರ್ಡಿನಿಂದ ಮಹಾದೇವಿ ಬರೆಯುತ್ತಿದ್ದೇನೆ. ಮೊದಲು ಬೈದುಬಿಡಿ, ಆಮೇಲೆ ಓದಿ. ನೀವು ರಿಟೈರ್ ಆದ ಮೇಲೆ ನಿಮ್ಮ ಹೆಡ್ ಸಿಸ್ಟರ್ ಕುರ್ಚಿಯಲ್ಲಿ ಈಗ ಕುಳಿತವಳು ನಾನು. ನೀವು ಕಟ್ಟಿಸಿದ ನೂಲನ್ನು ಬಿಚ್ಚಿಸಿದವಳೂ ನಾನೇ.

ಗಡಹಿಂಗ್ಲಜದಿಂದ ನರ್ಸಿಂಗ್ ಮುಗಿಸಿ ಬಂದ ಮೊದಲ ದಿನವೇ ನನ್ನ ಕೈಗೆ ಕೆಂಪು ನೂಲಿನ ಉಂಡೆ ಕೊಟ್ಟಿದ್ದು ನೆನಪಿದೆಯೇ? “ಯಾರ್ದು ಆಪರೇಶನ್ ಐತಿ, ಅವ್ರು ಮಲಗೋ ಕಾಟಿಗೆ ಕಟ್ಟು. ಕೆಂಪು ನೂಲು ಕಂಡಲ್ಲಿ ಹನಿ ನೀರೂ ಕೊಡಂಗಿಲ್ಲ” ಎಂದಿದ್ದಿರಿ. ಮಗ್ಗದ ಶೆಡ್ಡುಗಳಲ್ಲಿ ಉಳಿದ ನೂಲು ಅದು, ಗುಣವಾಗಿ ಹೋದವರು ತಂದುಕೊಡುತ್ತಿದ್ದರು. ಓದು ಬಾರದವರಿಗೂ ಅದು ತಿಳಿಯುತ್ತಿತ್ತು. ಪಕ್ಕದ ಕಾಟಿನ ಅಜ್ಜಿಯೇ ಗದರುತ್ತಿದ್ದಳು: “ಏ, ನೂಲು ಕಾಣಂಗಿಲ್ಲೇನ? ಚಹಾ ತಗೊಂಡು ಹೊರಗ ನಡಿ!”

ಈ ವರ್ಷ ಹೊಸ ಆಡಳಿತ ಬಂತು, ಜೊತೆಗೆ ವಾರ್ಡಿಗೆ ಕಂಪ್ಯೂಟರೂ ಬಂತು. ಬದಲಾವಣೆ ನಿಭಾಯಿಸುವುದನ್ನು ಕಲಿಯಲು ನನ್ನನ್ನು ಮೂರು ದಿನ ಕೊಲ್ಹಾಪುರಕ್ಕೆ ಕಳಿಸಿದರು. ಬದಲಾವಣೆಗೆ ಯಾರು ಅಡ್ಡ ಬರಬಹುದು ಎಂದು ಬರೆಯಲು ಅಲ್ಲಿ ಒಂದು ಹಾಳೆ ಕೊಟ್ಟರು. ನಾನು ದೊಡ್ಡ ಜಾಣೆಯಂತೆ ಮೊದಲು ಬರೆದದ್ದು ಕಾಶವ್ವ ಮಾವಶಿಯ ಹೆಸರು! ನಿಮ್ಮ ಕಾಲದಿಂದ ವಾರ್ಡು ಗುಡಿಸುತ್ತಿರುವ ಅದೇ ಕಾಶವ್ವ. ತಿರುಗಿ ಬಂದು ನೂಲೆಲ್ಲ ತೆಗೆಸಿದೆ. ಉಪವಾಸ ಯಾರದೆಂಬುದು ಇನ್ನು ನಮ್ಮ ಮೇಜಿನ ಕಂಪ್ಯೂಟರಿನಲ್ಲಿ ಮಾತ್ರ. “ನೂಲು ನಿಮಗ ಏನ್ ಮಾಡೇತ್ರಿ ಸಿಸ್ಟರ್? ಇರ್ಲಿ ಬಿಡ್ರಿ” ಎಂದಳು ಕಾಶವ್ವ. “ನಿಯಮ ಅಂದ್ರ ನಿಯಮ, ಮಾವಶಿ” ಎಂದೆ.

ಕಂಪ್ಯೂಟರು ಕೆಟ್ಟದ್ದೇ ಎಂದರೆ, ಅದೂ ಅಲ್ಲ ಅಕ್ಕಾರ. ಹೋದ ತಿಂಗಳು ಒಬ್ಬ ಮುದುಕಿಗೆ ಇಂಜೆಕ್ಷನ್ ಚುಚ್ಚುವ ಹೊತ್ತಿಗೆ ಅದೇ ನಮ್ಮನ್ನು ತಡೆಯಿತು. ಆ ಔಷಧ ಆಕೆಗೆ ಒಗ್ಗದೆಂದು ಹಿಂದಿನ ಸಲ ದಾಖಲಾದಾಗ ಬರೆದಿಟ್ಟಿದ್ದರಂತೆ. ನೂಲು ಇದನ್ನು ಹೇಳುತ್ತಿತ್ತೇ? ಇನ್ನೊಂದು ಮಾತು, ಸಿಟ್ಟಾಗಬೇಡಿ. ಒಬ್ಬ ತಾಯಿ ದೇವರ ದಾರವೆಂದು ನೂಲನ್ನು ಬಿಚ್ಚಿ, ಆಪರೇಶನ್ ಆಗಬೇಕಿದ್ದ ಮಗುವಿನ ಕೈಗೆ ಕಟ್ಟಿ, ಕಣ್ಣಿಗೊತ್ತಿಕೊಂಡು, ಹಾಲು ಕುಡಿಸಿದ್ದಳಲ್ಲ? ಅವತ್ತು ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದೆವು. ಎಲ್ಲಿಯೂ ಬರೆದಿಡಲಿಲ್ಲ. ಈಗ ನೆನೆದರೆ ನಗು ಬರುವುದಿಲ್ಲ.

ಮೊನ್ನೆ ಮಂಗಳವಾರ ಏಳನೇ ಕಾಟಿನ ಬಸಪ್ಪನಿಗೆ ಹರ್ನಿಯಾ ಆಪರೇಶನ್ ಇತ್ತು. ಮಗ್ಗ ನಡೆಸುವವನು. ರಾತ್ರಿ ಪಾಳಿ ಮುಗಿಸಿದ ಗೆಳೆಯರು ಬೆಳಿಗ್ಗೆ ಉಪ್ಪಿಟ್ಟು ಕಟ್ಟಿಸಿಕೊಂಡು ನೇರವಾಗಿ ಕಾಟಿಗೇ ಬಂದರು. ಕಂಪ್ಯೂಟರಿನ ಪರದೆಯ ಮುಖ ನಮ್ಮ ಕಡೆಗೆ, ಅವರಿಗೆ ಹೇಗೆ ಕಾಣಬೇಕು? ಥಿಯೇಟರಿನ ಬಾಗಿಲಲ್ಲಿ ಡಾಕ್ಟರು ಕೇಳಿದಾಗ ಬಸಪ್ಪ, “ನಾಕ ತುತ್ತು ಅಷ್ಟರೀ, ದೋಸ್ತರು ಪ್ರೀತೀಲೆ ತಂದಿದ್ರು” ಎಂದ. ಡಾಕ್ಟರು ಕೇಳದೇ ಇದ್ದಿದ್ದರೆ... ಅರಿವಳಿಕೆಯಲ್ಲಿ ವಾಂತಿಯಾಗಿ ಉಸಿರು ಕಟ್ಟುತ್ತಿತ್ತೋ ಏನೋ. ಆಪರೇಶನ್ ಶನಿವಾರಕ್ಕೆ ಹೋಯಿತು.

ಶನಿವಾರ ನಾನು ಬರುವಷ್ಟರಲ್ಲಿ ಏಳನೇ ಕಾಟಿಗೆ ಕೆಂಪು ನೂಲು ಕಟ್ಟಿತ್ತು. ಕಾಶವ್ವನ ಕೆಲಸ. ಆಫೀಸಿನವರು ಫೋಟೋ ತೆಗೆದುಕೊಂಡು ಹೋಗಿ ಒಂದು ಗಂಟೆಯಲ್ಲಿ ನೋಟೀಸು ತಂದರು. ನೂಲು ಕಟ್ಟಿದ್ದಕ್ಕೆ ಕಾಶವ್ವನಿಗೆ ಇದು ಮೂರನೆಯದು, ನಾನು ಸಹಿ ಹಾಕಿದರೆ ಅವಳ ಕೆಲಸ ಹೋಗುತ್ತದೆ. ಅವಳೇ ನನ್ನ ಮುಂದೆ ಪೆನ್ನು ಇಟ್ಟಳು. “ಮಾಡ್ರಿ ಸಿಸ್ಟರ್. ಇಲ್ಲಾಂದ್ರ ನಿಮ್ಮ ಮ್ಯಾಲೆ ಬರ್ತೈತಿ. ಅಕ್ಕಾರು ಮೊದಲ ಸಲ ನೂಲು ಕಟ್ಟಿದಾಗ ದೊಡ್ಡ ಡಾಕ್ಟರು, ಇದೇನ್ ದವಾಖಾನೆಯೋ ಮಗ್ಗದ ಶೆಡ್ಡೋ ಅಂತ ಬೈದಿದ್ರು. ನಾನೂ ನಕ್ಕಿದ್ನಿ. ಆದ್ರ ಬಸಪ್ಪನ ಆಪರೇಶನ್ ಆಗೂತನಕ ನೂಲು ಬಿಚ್ಚಬ್ಯಾಡ್ರಿ.”

ನೀವೂ ಬೈಸಿಕೊಂಡಿದ್ದನ್ನು ನನಗೆ ಯಾಕೆ ಹೇಳಿರಲಿಲ್ಲ? ಹಾಗಾದರೆ ಬದಲಾವಣೆ ತಂದವರು ನೀವೂ ಹೌದು, ನಾನೂ ಹೌದು. ಅಂದು ನಕ್ಕ ಕಾಶವ್ವನನ್ನು ನೀವು ಪಕ್ಕದಲ್ಲಿಟ್ಟುಕೊಂಡಿರಿ, ನಾನು ಅವಳ ಹೆಸರನ್ನು ಹಾಳೆಯಲ್ಲಿ ಬರೆದೆ. ಕಂಪ್ಯೂಟರು ಇರಲಿ ಎಂದರೆ ನಿಮಗೆ ದ್ರೋಹವೇ? ನೂಲು ಇರಲಿ ಎಂದರೆ ಆ ಮುದುಕಿಗೆ ದ್ರೋಹವೇ? ಎರಡೂ ಇರಲಿ ಎನ್ನೋಣವೆಂದರೆ, ನೂಲು ಒಂದು ಹೇಳಿ ಪರದೆ ಇನ್ನೊಂದು ಹೇಳಿದ ದಿನ ಯಾವುದನ್ನು ನಂಬಲಿ... ತಲೆ ಕೆಟ್ಟುಹೋಗಿದೆ ಅಕ್ಕಾರ.

ನೂಲು ಬಿಚ್ಚಲಿಲ್ಲ, ಆಪರೇಶನ್ ಆಯಿತು, ಬಸಪ್ಪ ಆರಾಮಿದ್ದಾನೆ. ಎಚ್ಚರವಾದೊಡನೆ ಉಪ್ಪಿಟ್ಟು ಕೇಳಿದ. ಸೋಮವಾರ ಆಡಳಿತದವರು ನನ್ನನ್ನು ಕೊಲ್ಹಾಪುರಕ್ಕೆ ಕರೆಸಿದ್ದಾರೆ, ಅಲ್ಲಿ ಏನು ಹೇಳಬೇಕೋ ಇನ್ನೂ ಗೊತ್ತಿಲ್ಲ. ನೋಟೀಸಿಗೆ ಸಹಿ ಮಾಡಿದೆ. ಮಾಡುವ ಮುಂಚೆ ಅದರಲ್ಲಿದ್ದ ಕಾಶವ್ವನ ಹೆಸರು ಹೊಡೆದುಹಾಕಿ ನನ್ನದು ಬರೆದೆ.

ನಿಮ್ಮ
ಮಹಾದೇವಿ