ಇನ್ನೂರ ಹದಿನಾಲ್ಕನೇ ನಂಬರಿನ ಬಿಲ್ಲೆ

ಅತ್ತೆ,

ಇಲ್ಲಿಗೆ ಬಂದು ಎಂಟು ದಿನವಾಯಿತು. ಕೆಮ್ಮು ಬಿಟ್ಟಿದೆ, ಗಾಬರಿ ಬೇಡ. ನಾಣ್ಯದ ಅಂಗಡಿಗೆ ಚೀಲಗಟ್ಟಲೆ ಬರುವ ಹಳೆ ಚಿಲ್ಲರೆಯನ್ನು ದೇಶ ನೋಡಿ ಬೇರೆ ಮಾಡುವುದು ನನ್ನ ಕೆಲಸ. ನೀವು ಕೊಟ್ಟುಕಳಿಸಿದ ಅಜ್ಜನ ಹಿತ್ತಾಳೆ ನಾಣ್ಯವನ್ನು ಇವತ್ತು ಮಾಲೀಕರಿಗೆ ತೋರಿಸಿದೆ. ಭೂತಗನ್ನಡಿ ಹಿಡಿದವರು ಬಿದ್ದು ಬಿದ್ದು ನಕ್ಕರು.

“ಇನ್ನೂರ ಹದಿನಾಲ್ಕರ ನಾಣ್ಯ ಯಾವ ದೇಶದಲ್ಲಮ್ಮ ಇರುತ್ತೆ? ಇದು ಕಾರ್ಖಾನೆ ಬಿಲ್ಲೆ, ಅದು ಕೆಲಸಗಾರನ ನಂಬರು. ಒಬ್ಬರಿಗೆ ಒಂದೇ ಬಿಲ್ಲೆ. ಸ್ಟೋರಿಂದ ಏನಾದ್ರೂ ಉಪಕರಣ ತಗೊಂಡ್ರೆ ಇದನ್ನ ಅಲ್ಲೇ ಮೊಳೆಗೆ ತೂಗುಹಾಕ್ತಾರೆ. ಉಪಕರಣ ವಾಪಸ್ ಕೊಟ್ಟ ಮೇಲೇನೇ ಇದು ಕೈಗೆ ಬರೋದು.”

ನನಗೆ ನಗು ಬರಲಿಲ್ಲ. ಸ್ಟೋರಿನಿಂದ ತಂದ ಕೈ ಡ್ರಿಲ್ ವಾಪಸ್ ಕೊಡದೆ ಕದ್ದರು ಎಂದು ತಾನೇ ಅಜ್ಜನನ್ನು ಕೆಲಸದಿಂದ ತೆಗೆದದ್ದು? ಕದ್ದಿದ್ದರೆ ಬಿಲ್ಲೆ ಆ ಮೊಳೆಯಲ್ಲೇ ಉಳಿಯುತ್ತಿತ್ತು. ಅದು ಅಜ್ಜ ಸಾಯುವ ದಿನದವರೆಗೂ ಅವರ ಜೇಬಿನಲ್ಲಿತ್ತು. “ಕೇಳೋರಿದ್ರೆ ತಾನೇ ಹೇಳೋದು” ಎಂದು ಅವರು ಗೊಣಗುತ್ತಿದ್ದುದು ಇದನ್ನೇ!

ಮಾರಿದರೆ ಒಂದು ಕಾಫಿಗೂ ಆಗುವುದಿಲ್ಲವಂತೆ. ಮಾರುವುದಿಲ್ಲ ಎಂದೆ. ಕಾರ್ಖಾನೆಗೂ ಇವತ್ತೇ ಕಾಗದ ಬರೆಯುತ್ತೇನೆ.

ಜಾಗ ಮುಗಿಯಿತು. ಕವರಿಗೆ ದುಡ್ಡಿಲ್ಲದೆ ಕಾರ್ಡಿನಲ್ಲಿ ಬರೆದೆ ಅಂದುಕೊಳ್ಳಬೇಡಿ. ಅಂಚೆಯವರು ಓದಲಿ, ಪಕ್ಕದ ಮನೆಯವರು ಓದಲಿ, ಅಜ್ಜನನ್ನು ಕಳ್ಳ ಎಂದ ಬೀದಿಗೆಲ್ಲ ನಿಮಗಿಂತ ಮೊದಲೇ ಗೊತ್ತಾಗಲಿ ಎಂದೇ ಕಾರ್ಡ್ ಹಾಕಿದ್ದೇನೆ.

ನಿಮ್ಮ ತಮ್ಮನ ಮಗಳು,
ಪುಟ್ಟಿ