ಮುಖವಿಲ್ಲದ ಇಬ್ಬರನ್ನು ಹಾಸ್ಯದ ಕಪಾಟಿನಿಂದ ಇಳಿಸಿ

ಮಾನ್ಯ ವರ್ಗೀಕರಣಾಧಿಕಾರಿಗಳೇ,

ನಮ್ಮ ಜಿಲ್ಲಾ ಗ್ರಂಥಾಲಯದಲ್ಲಿ ತಾವು ನನ್ನ ಇಬ್ಬರು ದೊಡ್ಡಜ್ಜಂದಿರನ್ನು 'ಕಾಮಿಕ್ಸ್: ಮಕ್ಕಳ ಹಾಸ್ಯ' ಎಂಬ ಕಪಾಟಿನಲ್ಲಿ ಇಟ್ಟಿದ್ದೀರಿ. ಅಂಚು ಹರಿದಿದೆ ಎಂಬ ಕಾರಣಕ್ಕೆ ಈ ತಿಂಗಳ ಕೊನೆಗೆ ಅವರನ್ನು ರದ್ದಿಗೆ ಹಾಕುವ ಪಟ್ಟಿಯನ್ನೂ ಬಾಗಿಲಿಗೆ ಅಂಟಿಸಿದ್ದೀರಿ. ಜಿಲ್ಲಾ ಪತ್ರಿಕೆಗೆ ಹನ್ನೊಂದು ವರ್ಷದಿಂದ ನಗೆ ಅಂಕಣ ಬರೆಯುತ್ತಿರುವವನು ನಾನು. ಯಾವುದು ಹಾಸ್ಯ ಎಂಬುದರಲ್ಲಿ ನನಗೆ ಈಗಲೂ ಅನುಮಾನಗಳಿವೆ. ಯಾವುದು ಅಲ್ಲ ಎಂಬುದರಲ್ಲಿ ಇಲ್ಲ.

ತಪ್ಪು ನನ್ನಿಂದಲೇ ಶುರುವಾಯಿತು. ಮೂವತ್ತೆಂಟನೇ ಇಸವಿಯಲ್ಲಿ ಸರ್ಕಾರ ಹಿಡಿದೊಯ್ದ ಮೇಲೆ ಕಾಣೆಯಾದವರ ನೆನಪಿನ ವಸ್ತುಗಳನ್ನು ತಂದುಕೊಡಿ ಎಂದು ತಾವು ಕಳೆದ ವಸಂತದಲ್ಲಿ ಪ್ರಕಟಣೆ ಹೊರಡಿಸಿದಿರಿ. ನನ್ನ ಅಜ್ಜಿ ಬುರುಲ್ಚಾ ಪೆಟ್ಟಿಗೆಯಲ್ಲಿಟ್ಟಿದ್ದ ಚಿತ್ರದ ಪುಸ್ತಕವನ್ನು ಕಾಡಿ ಬೇಡಿ ತಂದು ತಮ್ಮ ಕೈಗೆ ಕೊಟ್ಟವನು ನಾನು. ಪುಟವನ್ನು ಚೌಕ ಚೌಕವಾಗಿ ಭಾಗ ಮಾಡಿ ಬಣ್ಣದ ಪೆನ್ಸಿಲಿನಲ್ಲಿ ಬರೆದ ಪುಸ್ತಕ ಅದು. ಚೌಕ ಕಂಡೊಡನೆ ತಮಗೆ ನಗು ಬಂದಿರಬೇಕು. ಕಿಟಕಿಯೂ ಚೌಕವೇ, ಜೈಲಿನದೂ ಸೇರಿ. ಅದನ್ನೂ ಹಾಸ್ಯಕ್ಕೆ ಸೇರಿಸುತ್ತೀರಾ?

ಅಜ್ಜಿ ಈ ಮನೆಗೆ ಸೊಸೆಯಾಗಿ ಬಂದಾಗ ಹತ್ತೊಂಬತ್ತು. ಗಂಡನ ಅಣ್ಣಂದಿರ ಹೆಸರನ್ನು ಸೊಸೆ ಬಾಯಲ್ಲಿ ಹೇಳುವಂತಿಲ್ಲ, ತಲೆಯೆತ್ತಿ ಮುಖ ನೋಡುವಂತಿಲ್ಲ ಎಂಬುದು ತಮ್ಮ ಮನೆಯಲ್ಲೂ ನಡೆದುಬಂದದ್ದೇ. ಒಬ್ಬರನ್ನು 'ಶಿಳ್ಳೆಯವರು' ಎಂದಳು, ಇನ್ನೊಬ್ಬರನ್ನು 'ಎತ್ತರದವರು' ಎಂದಳು. ಮೂರು ವರ್ಷಕ್ಕೆ ಇಬ್ಬರನ್ನೂ ಲಾರಿಯಲ್ಲಿ ಕರೆದೊಯ್ದರು. ಇಬ್ಬರಿಗೂ ಮಕ್ಕಳಿರಲಿಲ್ಲ. ನನ್ನ ಅಜ್ಜ ಯುದ್ಧಕ್ಕೆ ಹೋಗಿ ಬರಲಿಲ್ಲ. ಅಣ್ಣಂದಿರು ಎಲ್ಲಿ ಹೋದರು ಎಂದು ಯಾರೂ ಯಾರನ್ನೂ ಕೇಳದ ವರ್ಷಗಳು ಅವು. ಹೆಸರು ನುಂಗುವ ಕಟ್ಟಳೆ ಸೊಸೆಯರಿಗಷ್ಟೇ ಇದ್ದದ್ದು, ಆಗ ಇಡೀ ದೇಶಕ್ಕೆ ಬಂತು. ಮೀಸೆ ಹೊತ್ತ ಗಂಡಸರೂ ಸರ್ಕಾರದ ಸೊಸೆಯರಾದರು. ನನ್ನ ಅಪ್ಪನಿಗೆ ಬುದ್ಧಿ ಬಂದು ದೊಡ್ಡಪ್ಪಂದಿರ ಬಗ್ಗೆ ಕೇಳಿದಾಗ ಅಜ್ಜಿ ಅವನ ಚಿತ್ರ ಬರೆಯುವ ಪುಸ್ತಕವನ್ನೇ ತೆಗೆದುಕೊಂಡು ಬರೆಯತೊಡಗಿದಳು. ಕುದುರೆಗೆ ಲಾಳ ಕಟ್ಟುವ ಶಿಳ್ಳೆಯವರು, ಬಾಗಿಲಲ್ಲಿ ಬಗ್ಗಿ ಒಳಬರುವ ಎತ್ತರದವರು. ಕೊನೆಯ ಪುಟದವರೆಗೆ ಎಲ್ಲ ಚೌಕಗಳಲ್ಲೂ ಬೆನ್ನು, ಇಲ್ಲವೇ ಬರಿಯ ಬೂಟು. ತಾನು ಕಂಡಷ್ಟನ್ನೇ ಬರೆದಿದ್ದಾಳೆ. ಇಷ್ಟು ಪ್ರಾಮಾಣಿಕ ಸಾಕ್ಷಿ ತಮ್ಮ ದಾಖಲೆ ವಿಭಾಗದಲ್ಲಿ ಎಷ್ಟಿವೆ?

ಹೋದ ತಿಂಗಳು ಅಜ್ಜಿಯನ್ನು ಕರೆದುಕೊಂಡು ಬಂದಿದ್ದೆ. ಮಕ್ಕಳ ಕಪಾಟಿನ ಮುಂದೆ ಇಬ್ಬರು ಹುಡುಗಿಯರು ಅದೇ ಪುಸ್ತಕ ಹಿಡಿದು ಕೂತಿದ್ದರು.

"ಏ, ಇವನಿಗೆ ಮೂತಿನೇ ಇಲ್ಲ ಕಣೇ."

"ತೊಳಕೊಂಡು ಬರಕ್ಕೆ ಹೋಗಿದಾನೆ, ಬರ್ತಾನೆ ತಾಳು."

ನಾನು ಗದರಲು ಹೋದೆ. ಅಜ್ಜಿ ತೋಳು ಹಿಡಿದಳು. "ನಗಲಿ ಬಿಡೋ. ಭಾವಂದಿರಿಗೆ ಮಕ್ಕಳು ಅಂದ್ರೆ ಆಸೆ ಇತ್ತು."

ಅಷ್ಟರಲ್ಲಿ ತಾವು ಬಂದಿರಿ. ತಮ್ಮ ಮಾತು ಮೆತ್ತಗಿತ್ತು, ಅದನ್ನು ಒಪ್ಪುತ್ತೇನೆ.

"ತಾಯಿ, ಪ್ರತಿ ಚಿತ್ರದ ಕೆಳಗೆ ಹೆಸರು ಬರೆಸಿಕೊಡಿ. ನಾಳೆನೇ ದಾಖಲೆ ವಿಭಾಗಕ್ಕೆ ಹಾಕ್ತೀನಿ. ಹೆಸರಿಲ್ಲದೆ ಇದ್ರೆ ಇದು ಕಾಮಿಕ್ಸೇ."

"ನಾನು ಆ ಮನೆ ಸೊಸೆ ಕಣಪ್ಪ."

"ಅವರು ಹೋಗಿ ಐವತ್ತೆಂಟು ವರ್ಷ ಆಯ್ತಲ್ಲಮ್ಮ."

"ಹೋದ್ರು ಅಂತ ನಿನಗ್ಯಾರು ಹೇಳಿದ್ರು? ಕರಕೊಂಡು ಹೋದ್ರು. ಇನ್ನೂ ಬಂದಿಲ್ಲ, ಅಷ್ಟೆ."

ತಾವು ಇದನ್ನು ಮುದುಕಿಯ ಮರುಳು ಎಂದುಕೊಂಡಿರಿ. ನಮ್ಮ ಮನೆಯ ಗುರುವಾರ ತಮಗೆ ಗೊತ್ತಿಲ್ಲ. ಎಲ್ಲರ ಮನೆಯಂತೆ ನಮ್ಮಲ್ಲೂ ಅಂದು ಹಿಟ್ಟಿನ ತುಂಡುಗಳನ್ನು ಎಣ್ಣೆಯಲ್ಲಿ ಕರಿದು ಸತ್ತವರಿಗೆ ಪರಿಮಳ ಮುಟ್ಟಿಸುತ್ತೇವೆ. ಅಜ್ಜನಿಗೆ ಯುದ್ಧಭೂಮಿಯಿಂದ ಸತ್ತನೆಂಬ ಕರಿ ಕಾಗದ ಬಂದಿತ್ತು, ಅವನಿಗೆ ಸಲ್ಲುತ್ತದೆ. ಅಣ್ಣಂದಿರ ವಿಷಯದಲ್ಲಿ ಅಂಥ ಯಾವ ಕಾಗದವೂ ಬಂದಿಲ್ಲ. ಅವರ ಕಡತವೇ ಇಲ್ಲ ಎಂದು ಸರ್ಕಾರದವರು ಎರಡು ಸಲ ಬರೆದು ತಿಳಿಸಿದ್ದಾರೆ. ಆದ್ದರಿಂದ ಎಣ್ಣೆ ಕಾಯುವ ಮೊದಲು ಅಜ್ಜಿ ಆ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಹಿಂದಿನ ಕೋಣೆಗೆ ಒಯ್ದು ಬಾಗಿಲು ಹಾಕುತ್ತಿದ್ದಳು, ಪರಿಮಳ ತಾಗಿ ಅವರು ಸತ್ತವರ ಲೆಕ್ಕಕ್ಕೆ ಸೇರಬಾರದೆಂದು. ಈಗ ಪುಸ್ತಕ ಮನೆಯಲ್ಲಿಲ್ಲ. ಆದರೂ ಗುರುವಾರ ಎದ್ದು ಹೋಗಿ ಆ ಬಾಗಿಲು ಹಾಕಿ ಬರುತ್ತಾಳೆ. ಒಳಗಿಂದ ಏನೂ ಕೇಳಿಸುವುದಿಲ್ಲ ಎಂದು ನಾನು ಬರೆಯಬಹುದಿತ್ತು. ಆದರೆ ಕಳೆದ ಎರಡು ವಾರದಿಂದ ನಾನೂ ಆ ಕಡೆ ಕಿವಿಗೊಡುತ್ತಿದ್ದೇನೆ.

ಹೆಸರಿನಲ್ಲೇನಿದೆ, ಪುಸ್ತಕವನ್ನು ಏನೋ ಒಂದು ಕರೆದರಾಯಿತು ಎಂದು ತಮ್ಮ ಸಹಾಯಕಿ ಚೋಲ್ಪೋನ್ ನನ್ನನ್ನು ಸಮಾಧಾನಪಡಿಸಿದರು. 'ಸಚಿತ್ರ ಕಾದಂಬರಿ' ಎಂದರೆ ಗೌರವವಲ್ಲವೇ, ರಾಜಧಾನಿಯಲ್ಲಿ ಹಾಗೇ ಅನ್ನುತ್ತಾರೆ ಎಂದರು. ಗೌರವವೇನೋ ಸರಿ, ಆದರೆ ಕಾದಂಬರಿಯನ್ನು ಕಟ್ಟುತ್ತಾರೆ. ಇವರನ್ನು ಕೈ ಕಟ್ಟಿ ಒಯ್ದರು. 'ಚಿತ್ರಕಥೆ' ಎನ್ನೋಣವೇ? ಕಥೆ ಎಂದೊಡನೆ ನಡೆದಿತ್ತೋ ಇಲ್ಲವೋ ಎಂಬ ಅನುಮಾನಕ್ಕೆ ಕುರ್ಚಿ ಹಾಕಿಕೊಟ್ಟಂತೆ. ಪದ ಕಪಾಟನ್ನು ಗೊತ್ತು ಮಾಡುತ್ತದೆ, ಕಪಾಟು ಆಯುಷ್ಯವನ್ನು. ತಮ್ಮ ನಿಯಮದಲ್ಲೇ ಇದೆ: ಹರಿದ ದಾಖಲೆಯನ್ನು ಅಂಟಿಸುತ್ತಾರೆ, ಹರಿದ ಹಾಸ್ಯವನ್ನು ಅರೆಯುತ್ತಾರೆ. ಹಿಂದಿರುಗಿಸಿ ಎಂದರೆ ಮುದ್ರೆ ಬಿದ್ದದ್ದು ಸರ್ಕಾರದ ಆಸ್ತಿ ಎನ್ನುತ್ತೀರಿ. ಸರ್ಕಾರ ನಮ್ಮ ಮನೆಯಿಂದ ಇವರನ್ನು ಒಯ್ಯುತ್ತಿರುವುದು ಇದು ಎರಡನೇ ಸಲ. ಈ ಸಲ ರಸೀದಿ ಕೊಟ್ಟಿದೆ, ಅಷ್ಟು ಪ್ರಗತಿ.

ನನ್ನ ಬೇಡಿಕೆ ಸಣ್ಣದು. ರದ್ದಿಯ ಪಟ್ಟಿಯಿಂದ ಅದನ್ನು ತೆಗೆಯಿರಿ. ಕಾರ್ಡಿನಲ್ಲಿ 'ಚಿತ್ರದಲ್ಲಿ ಕೊಟ್ಟ ಹೇಳಿಕೆ' ಎಂದು ಬರೆಯಿರಿ. ಹೇಳಿಕೆ ಕೊಟ್ಟವರು ಬುರುಲ್ಚಾ, ಆ ಮನೆಯ ಸೊಸೆ. ವ್ಯಕ್ತಿಗಳ ಹೆಸರಿನ ಜಾಗ ಖಾಲಿ ಇರಲಿ. ಆ ಹೆಸರು ಗೊತ್ತಿರುವ ಒಂದೇ ಒಂದು ಜೀವ ಎಂಬತ್ತು ವರ್ಷದ್ದು, ಅದು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

ಇದಾಗದು ಎನ್ನುವುದಾದರೆ, ಅರೆಯಲು ಕೊಡುವ ಮುನ್ನ ದಯವಿಟ್ಟು ಕೊನೆಯ ಪುಟ ತೆರೆಯಿರಿ. ಲಾರಿ ಹೊರಟ ಕ್ಷಣ ಅಜ್ಜಿ ಕಟ್ಟಳೆ ಮುರಿದು ತಲೆಯೆತ್ತಿದ್ದಳು. ಆ ಒಂದು ಚೌಕದಲ್ಲಿ ಎರಡು ಮುಖಗಳಿವೆ, ನೋಡುವವರ ಕಡೆಗೇ ತಿರುಗಿವೆ. ಅಂದು ಬಂದ ಅಧಿಕಾರಿ ಪಟ್ಟಿಯಲ್ಲಿ ಅವರ ಹೆಸರು ನೋಡಿದನೇ ಹೊರತು ಮುಖ ನೋಡಲಿಲ್ಲವಂತೆ. ತಮಗೆ ಹೆಸರು ಸಿಕ್ಕಿಲ್ಲ. ಮುಖವನ್ನಾದರೂ ನೋಡಿ, ಆಮೇಲೆ ಸಹಿ ಹಾಕಿ.

ಇಂತಿ,
ಕೇಳಿದ ತಕ್ಷಣ ಕೊಟ್ಟುಬಿಟ್ಟ ಮೊಮ್ಮಗ,
ಕುಬಾತ್