ಎರಡು ಸೀಟಿ ಊದಿ

ಅಪ್ಪಾ,

ನೀವು ಏಳೋ ಮುಂಚೆ ಮ್ಯಾರಥಾನಿಗೆ ಹೊರಟೆ. ಫ್ಲಾಸ್ಕಲ್ಲಿ ಕಾಫಿ ಇದೆ. ಸಕ್ಕರೆ ಡಬ್ಬಿ ಹುಡುಕಬೇಡಿ, ಪಕ್ಕದ ಮನೆ ಆಂಟಿಗೆ ಕೊಟ್ಟಿದ್ದೀನಿ.

ಕುರ್ಚಿ ಕಿಟಕಿ ಹತ್ತಿರ ಹಾಕಿದ್ದೀನಿ. ಅಲ್ಲೇ ಕೂತು ನೋಡಿ. ಮೆಟ್ಟಿಲಿಳಿದು ಬೀದಿಗೆ ಬಂದ್ರೋ, ಓಟ ಬಿಟ್ಟು ನಿಮ್ಮನ್ನ ಮೇಲೆ ಹತ್ತಿಸ್ತೀನಿ. ಆಮೇಲೆ ನನ್ನ ಓಟಕ್ಕೆ ಅಂತ ದುಡ್ಡು ಕೊಟ್ಟೋರಿಗೆಲ್ಲ ನೀವೇ ಉತ್ತರ ಹೇಳ್ಕೊಳ್ಳಿ. ನಿಮ್ಮ ಎದೆ ರಿಪೇರಿ ಮಾಡಿದ ವಾರ್ಡಿಗೇ ಹೋಗೋ ದುಡ್ಡದು!

ಎಲ್ಲರೂ ಹಳದಿ ಬನಿಯನ್ನೇ ಹಾಕಿರ್ತಾರೆ. ಅದರಲ್ಲಿ ನಿಮ್ಮ ಹಳೇ ಕಂಡಕ್ಟರ್ ಟೋಪಿ ಹಾಕಿರೋಳು ನಾನು. ಕೇಳದೆ ತಗೊಂಡೆ, ಬೈಬೇಡಿ.

ನಿನ್ನೆಯೆಲ್ಲಾ ಮನೆ ತಲೆಕೆಳಗು ಮಾಡಿ ಹುಡುಕಿದ್ರಲ್ಲ, ಆ ಸೀಟಿ ಮಾತ್ರೆ ಡಬ್ಬಿಯಲ್ಲಿದೆ. ಅದೊಂದು ಕಡೆ ನೀವು ಕೈ ಹಾಕಲ್ಲ ಅಂತ ಗೊತ್ತಿತ್ತು. ಮೊದಲು ಮಾತ್ರೆ, ಆಮೇಲೆ ಸೀಟಿ.

ಮನೆ ಮುಂದೆ ಬರೋ ಹೊತ್ತಿಗೆ ನನ್ನ ಕಾಲು ಸೋತಿರುತ್ತೆ, ಮುಖ ಬಾಡಿರುತ್ತೆ. ಅಯ್ಯೋ ಪಾಪ ಅಂತ ಒಂದೇ ಸಲ ಊದಿಬಿಟ್ಟೀರಿ, ಹುಷಾರು! ನಿಮ್ಮ ಬಸ್ಸಲ್ಲೇ ಬೆಳೆದೋಳು ನಾನು, ಒಂದು ಸೀಟಿ ಕೇಳಿದ್ರೆ ಗಕ್ಕನೆ ನಿಂತುಬಿಡ್ತೀನಿ. ಎರಡು ಊದಿ, ರೈಟ್ ಹೇಳೋ ಥರ. ಅಷ್ಟಕ್ಕೆ ಡಾಕ್ಟರೂ ಒಪ್ಪಿದ್ದಾರೆ.

ಮಿಕ್ಕಿದ್ದನ್ನ ನಾನು ಓಡ್ಕೋತೀನಿ.